ಲೋಟ ತೊಳೆದಿಡುವ ವಿದ್ಯೆ

ಕಳೆದ ಜೂನ್ ತಿಂಗಳ ಒಂದು ಮಧ್ಯಾಹ್ನ, ಮಗನ ಕಾಲೇಜು ಪ್ರವೇಶಕ್ಕೆ ದಾಖಲೆಪತ್ರ ಬೇಕೆಂದು ತಾಯಿಯೊಬ್ಬರು ನಮ್ಮ ಕಚೇರಿಯ ಕಿಟಕಿಯಲ್ಲಿ ನಿಂತಿದ್ದರು. ಅರ್ಜಿ ಸರಿಯಾಗಿತ್ತು, ಶುಲ್ಕವೂ ಸಂದಿತ್ತು. ಆದರೆ ಕಂಪ್ಯೂಟರಿನ ಪರದೆಯ ಮೇಲಿನ ಚಕ್ರ ಮಾತ್ರ ತಿರುಗುತ್ತಲೇ ಇತ್ತು. ಕೊನೆಯ ದಿನವೂ ಅಂದೇ! "ಏನಾದರೂ ಮಾಡಿ ಅಣ್ಣಾ" ಎಂದರು ಆಕೆ. ಗುಮಾಸ್ತನಾದ ನಾನು ಮಾಡುವುದಾದರೂ ಏನು? ಯಂತ್ರ ಕೆಟ್ಟಿದೆ ಎಂದುಬಿಟ್ಟೆ.

ಯಂತ್ರ ಕೆಟ್ಟಿರಲಿಲ್ಲ. ಅದನ್ನು ತಿಳಿಯಬೇಕಾದರೆ, ವಾಚಕರೇ, ತಾವು ಕಾಮೋಠೆಯಿಂದ ಮಾಟುಂಗದ ಉಡುಪಿ ಹೋಟೆಲಿನವರೆಗೆ ನನ್ನೊಡನೆ ಬರಬೇಕು. ಅಲ್ಲಿ ಗಿರಾಕಿಗೊಂದು ಹೊಸ ಲೋಟ ಕೊಳ್ಳುವುದುಂಟೆ? ಇರುವ ಲೋಟಗಳನ್ನೇ ತೊಳೆತೊಳೆದು ದಿನವಿಡೀ ಕಾಫಿ ಕೊಡುತ್ತಾರೆ. ಜಾಲತಾಣಕ್ಕೂ ಅದರ ಹಿಂದಿರುವ ಡೇಟಾಬೇಸಿಗೂ ನಡುವಣ ಸಂಪರ್ಕವೂ ಇಂಥದೇ. ಪ್ರತಿಸಲವೂ ಹೊಸ ಸಂಪರ್ಕ ಹೂಡಬೇಕಾದರೆ ಗುರುತು ಹೇಳಿ, ಗುಪ್ತಪದ ಒಪ್ಪಿಸಿ, ಯಂತ್ರದ ಸ್ಮೃತಿಯಲ್ಲಿ ಜಾಗ ಪಡೆಯಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಂತೂ ಸಂಪರ್ಕಕ್ಕೊಂದು ಪ್ರತ್ಯೇಕ ಆಳನ್ನೇ ನೇಮಿಸುತ್ತದೆ. ನಾವಾಗಿ ಬದಲಿಸದಿದ್ದರೆ ಅದರ ಮಿತಿ 100. ಮೈಎಸ್‌ಕ್ಯೂಎಲ್‌ನದು 151. ಆದ್ದರಿಂದ ಕೆಲವು ಸಂಪರ್ಕಗಳನ್ನು ತೆರೆದಿಟ್ಟುಕೊಂಡು, ಕೇಳಿದವರಿಗೆ ಎರವಲು ಕೊಟ್ಟು, ಕೆಲಸವಾದೊಡನೆ ಹಿಂದಕ್ಕೆ ಪಡೆಯುವುದು ರೂಢಿ. ಇದಕ್ಕೆ ಪೂಲ್ ಎಂದು ಹೆಸರು. ಹಿಂದಿನವನ ಎಂಜಲು ಉಳಿಯದಂತೆ, ಅರ್ಧಕ್ಕೆ ಬಿಟ್ಟ ವ್ಯವಹಾರವನ್ನು ರದ್ದುಮಾಡಿ ತೊಳೆದಿಡುವ ಕ್ರಮವೂ ಉಂಟು. ಜಾವಾ ಬಲ್ಲವರಲ್ಲಿ ಬಳಕೆಯಲ್ಲಿರುವ ಹಿಕಾರಿ (ಜಪಾನೀ ನುಡಿಯಲ್ಲಿ ಬೆಳಕು) ಎಂಬ ಪೂಲಿನಲ್ಲಿ, ಬೇರೆ ಹೇಳದ ಹೊರತು, ಇರುವುದು ಕೇವಲ 10. ಹನ್ನೊಂದನೆಯವನು 30 ಸೆಕೆಂಡು ಕಾಯಬೇಕು. ಅಷ್ಟರಲ್ಲಿ ಯಾವುದೂ ಬಿಡುವಾಗದಿದ್ದರೆ 'ಇಲ್ಲ' ಎಂಬ ಉತ್ತರ.

ಹತ್ತೇ ಏಕೆ, ಸಾವಿರವಿಡಬಾರದೇ ಎಂದು ನಾನೂ ಕೇಳಿದೆ. ಲೋಟ ಹೆಚ್ಚಿದರೆ ಒಲೆ ಹೆಚ್ಚುವುದೇ? ಪ್ರೊಸೆಸರಿನಲ್ಲಿ ನಾಲ್ಕು ಕೋರುಗಳಿದ್ದರೆ ಅದರ ಎರಡರಷ್ಟು, ಮೇಲೆ ಡಿಸ್ಕಿಗೊಂದು, ಹೀಗೆ 9ರಿಂದ ಆರಂಭಿಸಿ ನೋಡಿ ಎಂಬುದು ಬಲ್ಲವರ ಲೆಕ್ಕ. ತೀರ ಮೀರಿದರೆ ಒಂದನ್ನೊಂದು ತಳ್ಳಾಡಿ ಎಲ್ಲವೂ ನಿಧಾನ.

ನಮ್ಮಲ್ಲಿ ಆದದ್ದು ಬೇರೆ. ಮೇಲಧಿಕಾರಿಗಳು ಗಂಟೆಗಂಟೆಗೂ ಕೇಳುವ ವರದಿಯೊಂದಿದೆ (ಕೇಳದಿದ್ದರೆ ಅವರಿಗೆ ಊಟ ಸೇರದು). ಅದನ್ನು ತೆಗೆಯುವ ಪ್ರೋಗ್ರಾಮು, ನಡುವೆ ತಪ್ಪು ಬಂದಾಗಲೆಲ್ಲ, ಪಡೆದ ಸಂಪರ್ಕವನ್ನು ಹಿಂದಿರುಗಿಸದೆಯೇ ಹೊರಟುಹೋಗುತ್ತಿತ್ತು; ಕಾಫಿ ಕುಡಿದ ಲೋಟವನ್ನು ಚೀಲಕ್ಕೆ ಹಾಕಿಕೊಂಡ ಗಿರಾಕಿಯಂತೆ. ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿಯುತ್ತಿರಲಿಲ್ಲ. ಆರಿಸಿ ಮತ್ತೆ ಆರಂಭಿಸಿದರೆ ಎರಡು ತಾಸು ಸುಖ, ಆಮೇಲೆ ಅದೇ ಗೋಳು. ಸಂಜೆ ಬಂದ ತರುಣನೊಬ್ಬ ಇದನ್ನು ಹುಡುಕಿ, ಕೆಲಸ ಆಗಲಿ ಕೆಡಲಿ, ಸಂಪರ್ಕ ಹಿಂದಿರುಗುವಂತೆ ಎರಡು ಸಾಲು ಸೇರಿಸಿದ.

ಆ ತಾಯಿಗೆ ದಾಖಲೆ ದೊರೆತದ್ದು ಮರುದಿನ ಹತ್ತೂವರೆಗೆ. ವಿಳಂಬ ನಮ್ಮದೆಂದು ಒಂದು ಪತ್ರವನ್ನೂ ಲಗತ್ತಿಸಿ ಕೊಟ್ಟೆವು. ಹುಡುಗನಿಗೆ ಪ್ರವೇಶವೇನೋ ಸಿಕ್ಕಿತು. ಅವನು ಬಯಸಿದ್ದ ವಿಭಾಗದಲ್ಲಿ ಅಲ್ಲ.