ದುಂಡಗಿನ ನಕ್ಷತ್ರಕ್ಕಾಗಿ: ದೂರದರ್ಶಕದ ಚಿತ್ರದಲ್ಲಿ ಗೆರೆ ಬೀಳದಂತೆ

ಕೆಲವು ವರ್ಷಗಳ ಹಿಂದಿನ ಮಾತು. ಜನವರಿಯ ಒಂದು ರಾತ್ರಿ ಕಾಲೇಜಿನ ತಾರಸಿಯ ಮೇಲೆ ವಿದ್ಯಾರ್ಥಿಗಳೊಡನೆ ಮಹಾವ್ಯಾಧ ನೀಹಾರಿಕೆಯ ಚಿತ್ರ ತೆಗೆಯಲು ಹೊರಟಿದ್ದೆ. 200 ಮಿ.ಮೀ. ಕನ್ನಡಿಯ, 1000 ಮಿ.ಮೀ. ಸಂಗಮದೂರದ ನ್ಯೂಟನ್ ಮಾದರಿಯ ದೂರದರ್ಶಕ; ಅದಕ್ಕೆ ಜೋಡಿಸಿದ ಡಿಜಿಟಲ್ ಕ್ಯಾಮೆರಾ. ಮೋಟಾರ್ ಚಾಲೂ ಮಾಡಿ ಒಂದು ನಿಮಿಷದ ಎಕ್ಸ್‌ಪೋಷರ್ ಕೊಟ್ಟೆವು. ನೀಹಾರಿಕೆಯ ಗುಲಾಬಿ ಛಾಯೆಯೇನೋ ಮೂಡಿತು. ನಕ್ಷತ್ರಗಳು ಮಾತ್ರ ಚುಕ್ಕಿಗಳಾಗದೆ ಅಕ್ಕಿಕಾಳುಗಳಾಗಿದ್ದವು.

"ಮೋಟಾರ್ ನಿಧಾನವಾಗಿ ತಿರುಗುತ್ತಿರಬೇಕು ಸಾರ್" ಎಂದ ಒಬ್ಬ ವಿದ್ಯಾರ್ಥಿ. ನನಗೂ ಹಾಗೆಯೇ ಅನಿಸಿತು. ಮೋಟಾರ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿದೆವು. ನಿರಭ್ರವಾದ ಎರಡು ರಾತ್ರಿಗಳು ಹೀಗೆ ಕಳೆದವು. ಗೆರೆ ಇದ್ದಂತೆಯೇ ಇತ್ತು. ತಪ್ಪು ಮೋಟಾರಿನದಾಗಿರಲಿಲ್ಲ, ನನ್ನದಾಗಿತ್ತು.

ಆಕಾಶದ ವೇಗ

ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ನಕ್ಷತ್ರಗಳ ಲೆಕ್ಕದಲ್ಲಿ 23 ಗಂಟೆ 56 ನಿಮಿಷ 4 ಸೆಕೆಂಡು ಬೇಕು. ಒಂದು ಡಿಗ್ರಿಯಲ್ಲಿ 60 ಕಲೆಗಳು, ಒಂದು ಕಲೆಯಲ್ಲಿ 60 ವಿಕಲೆಗಳು. ಈ ಅಳತೆಯಲ್ಲಿ, ಖಗೋಳದ ವಿಷುವದ್ವೃತ್ತದ ಬಳಿ ಇರುವ ನಕ್ಷತ್ರವು ಪ್ರತಿ ಸೆಕೆಂಡಿಗೆ ಸುಮಾರು 15 ವಿಕಲೆಗಳಷ್ಟು ಪಶ್ಚಿಮಕ್ಕೆ ಸರಿಯುತ್ತದೆ. ಧ್ರುವದತ್ತ ಹೋದಂತೆ ಈ ವೇಗ ಕಡಿಮೆಯಾಗುತ್ತದೆ.

ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗವನ್ನು ನೋಡುತ್ತದೆ? ಪಿಕ್ಸೆಲ್‌ನ ಅಗಲವನ್ನು ಮೈಕ್ರಾನ್‌ಗಳಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿಲಿಮೀಟರ್‌ಗಳಲ್ಲಿರುವ ಸಂಗಮದೂರದಿಂದ ಭಾಗಿಸಿದರೆ ಉತ್ತರ ವಿಕಲೆಗಳಲ್ಲಿ ಸಿಗುತ್ತದೆ. 4 ಮೈಕ್ರಾನ್ ಪಿಕ್ಸೆಲ್ ಮತ್ತು 1000 ಮಿ.ಮೀ. ಸಂಗಮದೂರವಿದ್ದರೆ ಸುಮಾರು 0.8 ವಿಕಲೆ. ಅಂದರೆ ಮೋಟಾರ್ ಇಲ್ಲದಿದ್ದರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ 18 ಪಿಕ್ಸೆಲ್‌ಗಳನ್ನು ದಾಟಿಬಿಡುತ್ತದೆ! ಅದೇ ಕ್ಯಾಮೆರಾಕ್ಕೆ 50 ಮಿ.ಮೀ. ಮಸೂರ ಹಾಕಿದರೆ ಒಂದು ಪಿಕ್ಸೆಲ್ 16 ವಿಕಲೆಗಳನ್ನು ನೋಡುತ್ತದೆ. ಸೆಕೆಂಡಿಗೆ ಒಂದು ಪಿಕ್ಸೆಲ್ ಕೂಡ ದಾಟುವುದಿಲ್ಲ. ಸಾಧಾರಣ ಮಸೂರದಲ್ಲಿ ಕಾಣದ ದೋಷ ದೂರದರ್ಶಕದಲ್ಲಿ ಎದ್ದು ಕಾಣುವುದು ಇದಕ್ಕಾಗಿಯೇ.

ಈಕ್ವಟೋರಿಯಲ್ ಮೌಂಟ್ ಈ ಚಲನೆಯನ್ನು ಸರಿದೂಗಿಸುತ್ತದೆ. ಅದರ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸಿ, ಭೂಮಿಯ ವೇಗದಲ್ಲೇ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ನಕ್ಷತ್ರ ಇದ್ದಲ್ಲೇ ನಿಲ್ಲುತ್ತದೆ. ಇಲ್ಲಿ 'ಸಮಾಂತರ' ಎಂಬ ಮಾತೇ ಮುಖ್ಯ.

ಗೆರೆಯನ್ನು ಓದುವುದು

ಮೂರನೆಯ ರಾತ್ರಿ ನಾವು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಮೋಟಾರ್ ನಿಲ್ಲಿಸಿ ಎರಡು ಸೆಕೆಂಡಿನ ಚಿತ್ರವೊಂದನ್ನು ತೆಗೆದೆವು. ಅದರಲ್ಲಿ ಬಿದ್ದ ಗೆರೆ ಪೂರ್ವ–ಪಶ್ಚಿಮ ದಿಕ್ಕನ್ನು ತೋರಿಸುತ್ತದೆ. ಅದನ್ನು ಹಳೆಯ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ, ಅಕ್ಕಿಕಾಳುಗಳು ಅದಕ್ಕೆ ಲಂಬವಾಗಿ, ಉತ್ತರ–ದಕ್ಷಿಣವಾಗಿ ಮಲಗಿದ್ದವು. ಮೋಟಾರಿನ ವೇಗ ತಪ್ಪಿದ್ದರೆ ಗೆರೆ ಪೂರ್ವ–ಪಶ್ಚಿಮವಾಗಿಯೇ ಇರಬೇಕಿತ್ತು. ಉತ್ತರ–ದಕ್ಷಿಣದ ಗೆರೆ ಅಕ್ಷದ ಓರೆಯನ್ನು ಸೂಚಿಸುತ್ತದೆ. ಗಾಳಿ ಬೀಸಿದರೆ ಅಥವಾ ತಾರಸಿಯ ಮೇಲೆ ಯಾರಾದರೂ ನಡೆದಾಡಿದರೆ ಅಂಕುಡೊಂಕು ಗುರುತುಗಳು ಬೀಳುತ್ತವೆ.

ಅಕ್ಷ ಓರೆಯಾದದ್ದು ಹೇಗೆ? ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಧ್ರುವನಕ್ಷತ್ರವೂ ದಿಗಂತದಿಂದ ಸುಮಾರು ಅಷ್ಟೇ ಎತ್ತರದಲ್ಲಿರುತ್ತದೆ. ರಾಜ್ಯದ ಉತ್ತರ ತುದಿಯ ಬೀದರ್‌ನಲ್ಲೂ ಅದು 18 ಡಿಗ್ರಿಯ ಆಸುಪಾಸಿನಲ್ಲಷ್ಟೇ. ನಮ್ಮ ತಾರಸಿಯಿಂದ ಅದು ಪಕ್ಕದ ಕಟ್ಟಡದ ಹಿಂದೆ ಮರೆಯಾಗಿತ್ತು. ಹಾಗಾಗಿ ನಾನು ದಿಕ್ಸೂಚಿಯನ್ನು ನಂಬಿದ್ದೆ. ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರವನ್ನು. ಹತ್ತಿರದ ಕಬ್ಬಿಣವೂ ಅದನ್ನು ಕದಲಿಸುತ್ತದೆ. ಅಕ್ಷ ಒಂದು ಡಿಗ್ರಿ ತಪ್ಪಿದರೆ ಆಕಾಶದ ಚಲನೆಯ ಸುಮಾರು 57ನೇ ಒಂದು ಭಾಗ ಅಡ್ಡಲಾಗಿ ನುಸುಳಿಬಿಡುತ್ತದೆ. ಮೋಟಾರ್ ಇಲ್ಲದೆ ಒಂದು ಸೆಕೆಂಡಿನಲ್ಲಿ ಬೀಳುವಷ್ಟೇ ಉದ್ದದ ಗೆರೆ, ಮೋಟಾರ್ ಇದ್ದೂ ಒಂದು ನಿಮಿಷದಲ್ಲಿ ಬೀಳುತ್ತದೆ.

ಧ್ರುವನಕ್ಷತ್ರ ಕಂಡಿದ್ದರೂ ಕೆಲಸ ಮುಗಿಯುತ್ತಿರಲಿಲ್ಲ. ಅದು ನಿಜವಾದ ಧ್ರುವಬಿಂದುವಿನಿಂದ ಸುಮಾರು 40 ಕಲೆಗಳಷ್ಟು, ಅಂದರೆ ಚಂದ್ರಬಿಂಬದ ಅಗಲಕ್ಕಿಂತಲೂ ಹೆಚ್ಚು ದೂರದಲ್ಲಿದೆ. ನೇರವಾಗಿ ಅದಕ್ಕೇ ಗುರಿಯಿಟ್ಟರೆ ನಿಮಿಷಕ್ಕೆ 10 ವಿಕಲೆಯವರೆಗೂ ಸರಿತ ಉಂಟಾಗಬಹುದು.

ಧ್ರುವ ಕಾಣದಿದ್ದರೆ?

ಧ್ರುವವೇ ಕಾಣದ ಜಾಗದಲ್ಲಿಯೂ ಅಕ್ಷವನ್ನು ಸರಿಪಡಿಸಬಹುದು. ಇದಕ್ಕೆ ಡ್ರಿಫ್ಟ್ ವಿಧಾನ ಎಂದು ಹೆಸರು. ಅಡ್ಡ–ಉದ್ದ ಗೆರೆಗಳಿರುವ ನೇತ್ರಮಸೂರ ಅಥವಾ ಕ್ಯಾಮೆರಾದ ಪರದೆ ಸಾಕು. ಮೊದಲು ದೂರದರ್ಶಕವನ್ನು ಉತ್ತರಕ್ಕೆ ತುಸುವೇ ತಳ್ಳಿ ನೋಡಿ. ನಕ್ಷತ್ರ ಯಾವ ಅಂಚಿನತ್ತ ಸರಿಯುತ್ತದೋ ಅದೇ ದಕ್ಷಿಣ.

1. ನೆತ್ತಿಯ ಮೂಲಕ ಹಾಯುವ ಉತ್ತರ–ದಕ್ಷಿಣ ರೇಖೆಯ ಬಳಿ, ವಿಷುವದ್ವೃತ್ತಕ್ಕೆ ಸಮೀಪದ ನಕ್ಷತ್ರವನ್ನು ಹಿಡಿಯಿರಿ. ಮಹಾವ್ಯಾಧನ ನಡುಪಟ್ಟಿಯ ಮಿಂಟಕಾ ಬಹುಮಟ್ಟಿಗೆ ವಿಷುವದ್ವೃತ್ತದ ಮೇಲೆಯೇ ಇದೆ. ಜನವರಿಯ ನಡುವೆ ರಾತ್ರಿ 10ರ ಸುಮಾರಿಗೆ ಅದು ಈ ರೇಖೆಗೆ ಬರುತ್ತದೆ. ಮೋಟಾರ್ ಓಡುತ್ತಿರುವಾಗ ನಕ್ಷತ್ರ ದಕ್ಷಿಣಕ್ಕೆ ಸರಿದರೆ ಅಕ್ಷ ಪೂರ್ವಕ್ಕೆ ವಾಲಿದೆ, ಪಶ್ಚಿಮಕ್ಕೆ ತಿರುಗಿಸಿ. ಉತ್ತರಕ್ಕೆ ಸರಿದರೆ ಪೂರ್ವಕ್ಕೆ ತಿರುಗಿಸಿ.

2. ಈಗ ಪೂರ್ವದಲ್ಲಿ 25–30 ಡಿಗ್ರಿ ಎತ್ತರದ ನಕ್ಷತ್ರವೊಂದನ್ನು ನೋಡಿ. ಅದೇ ಹೊತ್ತಿಗೆ ಆಲ್ಫಾರ್ಡ್ ಅಲ್ಲಿರುತ್ತದೆ. ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಾಗಿದೆ, ಎತ್ತರಿಸಿ. ಉತ್ತರಕ್ಕೆ ಸರಿದರೆ ತಗ್ಗಿಸಿ.

3. ಒಂದನ್ನು ಸರಿಪಡಿಸುವಾಗ ಇನ್ನೊಂದು ತುಸು ಕದಲುತ್ತದೆ. ಆದ್ದರಿಂದ ಎರಡನ್ನೂ ಮತ್ತೊಮ್ಮೆ ಪರೀಕ್ಷಿಸಿ.

ಪೂರ್ವ–ಪಶ್ಚಿಮದ ಸರಿತವನ್ನು ಈ ಹಂತದಲ್ಲಿ ಲೆಕ್ಕಿಸಬೇಡಿ. ಇಂದಿನ ಕೆಲವು ತಂತ್ರಾಂಶಗಳು ಆಕಾಶದ ಯಾವುದೋ ಭಾಗದ ಮೂರು ಚಿತ್ರಗಳಿಂದಲೇ ಅಕ್ಷದ ತಪ್ಪನ್ನು ಲೆಕ್ಕ ಹಾಕಿ ಹೇಳುತ್ತವೆ. ಆದರೂ ಒಮ್ಮೆ ಕೈಯಾರೆ ಮಾಡಿದವರಿಗೆ ಆ ಲೆಕ್ಕದ ಅರ್ಥ ತಿಳಿಯುತ್ತದೆ.

ಎಷ್ಟು ನಿಖರವಾಗಿದ್ದರೆ ಸಾಕು? ವಾತಾವರಣದ ಕದಲಿಕೆಯಿಂದಲೇ ನಕ್ಷತ್ರದ ಬಿಂಬ ಸಾಮಾನ್ಯವಾಗಿ 2–3 ವಿಕಲೆಗಳಷ್ಟು ಹರಡಿರುತ್ತದೆ. ಅಕ್ಷದ ಒಂದು ಕಲೆಯ ತಪ್ಪಿಗೆ ನಿಮಿಷಕ್ಕೆ ಹೆಚ್ಚೆಂದರೆ 0.26 ವಿಕಲೆ ಸರಿತ. ತಪ್ಪು 7 ಕಲೆಯೊಳಗಿದ್ದರೆ ಒಂದು ನಿಮಿಷದ ಚಿತ್ರದಲ್ಲಿ ಗೆರೆ ಕಣ್ಣಿಗೆ ಬೀಳದು.

ಉಳಿಯುವ ದೋಷಗಳು

ಅಕ್ಷ ಸರಿಯಾದ ಮೇಲೆ ಗೇರಿನ ಸರದಿ. 144 ಹಲ್ಲಿನ ಚಕ್ರವನ್ನು ತಿರುಗಿಸುವ ವರ್ಮ್ ಗೇರ್ ಸುಮಾರು 10 ನಿಮಿಷಕ್ಕೊಂದು ಸುತ್ತು ಬರುತ್ತದೆ. ಅದರ ಸಣ್ಣ ವಕ್ರತೆಯೂ ನಕ್ಷತ್ರವನ್ನು ಪೂರ್ವ–ಪಶ್ಚಿಮವಾಗಿ ತೂಗಿಸುತ್ತದೆ. ಪರಿಹಾರ ಎರಡು: 20–30 ಸೆಕೆಂಡಿನ ಅನೇಕ ಚಿತ್ರಗಳನ್ನು ತೆಗೆದು, ಕೆಟ್ಟವನ್ನು ಬಿಟ್ಟು, ಉಳಿದವನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸುವುದು, ಇಲ್ಲವೇ ಎರಡನೆಯ ಪುಟ್ಟ ಕ್ಯಾಮೆರಾದಿಂದ ಒಂದು ನಕ್ಷತ್ರವನ್ನು ಕಾಯುತ್ತ ಮೋಟಾರನ್ನು ತಿದ್ದುತ್ತಿರುವುದು. 'ಪಿಎಚ್‌ಡಿ2' ಎಂಬ ಉಚಿತ ತಂತ್ರಾಂಶ ಈ ಎರಡನೆಯ ಕೆಲಸ ಮಾಡುತ್ತದೆ.

ಮೇಲೆ–ಕೆಳಗೆ, ಎಡ–ಬಲ ತಿರುಗುವ ಸರಳ ಮೌಂಟ್ ಇದ್ದವರಿಗೆ ಇನ್ನೊಂದು ತೊಡಕಿದೆ. ನಡುವಿನ ನಕ್ಷತ್ರ ನಿಂತರೂ ಚಿತ್ರದ ಅಂಚುಗಳು ಅದರ ಸುತ್ತ ತಿರುಗುತ್ತವೆ. ಈ ತಿರುಗುವಿಕೆ ಉತ್ತರ–ದಕ್ಷಿಣದಲ್ಲಿ ಹೆಚ್ಚು, ನೇರ ಪೂರ್ವ–ಪಶ್ಚಿಮದಲ್ಲಿ ಬಹುತೇಕ ಸೊನ್ನೆ. ಅಂಥವರು ಪೂರ್ವದಲ್ಲೋ ಪಶ್ಚಿಮದಲ್ಲೋ ಇರುವ ಆಕಾಶಕಾಯಗಳನ್ನು ಆರಿಸಿಕೊಂಡು, ನೆತ್ತಿಯ ಭಾಗವನ್ನು ಬಿಡುವುದು ಒಳ್ಳೆಯದು.

ಮೂರನೆಯ ರಾತ್ರಿ ಅಕ್ಷವನ್ನು ಸರಿಪಡಿಸಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ತೆಗೆದ ಮೊದಲ ಚಿತ್ರದಲ್ಲೇ ನಕ್ಷತ್ರಗಳು ದುಂಡಗಿದ್ದವು. ಅದೇ ದೂರದರ್ಶಕ, ಅದೇ ಮೋಟಾರ್. ನಿಮ್ಮ ಚಿತ್ರದಲ್ಲೂ ಗೆರೆ ಬಿದ್ದರೆ ಹೊಸ ಸಲಕರಣೆ ಕೊಳ್ಳಲು ಅವಸರಪಡಬೇಡಿ. ಮೋಟಾರ್ ನಿಲ್ಲಿಸಿ ಒಂದು ಚಿತ್ರ ತೆಗೆಯಿರಿ, ಗೆರೆಯ ದಿಕ್ಕನ್ನು ಹೋಲಿಸಿ. ತಪ್ಪು ಎಲ್ಲಿದೆಯೆಂದು ಗೆರೆಯೇ ಹೇಳುತ್ತದೆ.