ವಿಮಾನದಾಗಿನ ಕಂಪನಿ

ಏಪ್ರಿಲ್ ತಿಂಗಳಲ್ಲಿ ವಿಜಯಪುರದವರು ಮನೆಯೊಳಗೆ ಮಲಗುವ ಮಾತೇ ಇಲ್ಲ. ಊಟ ಮುಗಿದದ್ದೇ ತಡ, ಜೋರಾಪುರ ಪೇಟೆಯ ಮಾಳಿಗೆಗಳ ಮೇಲೆ ಚಾಪೆ, ಕೌದಿ, ನೀರಿನ ತಂಬಿಗೆ ಹತ್ತಿ ಬರುತ್ತವೆ. ಅಂಥದೊಂದು ಮಾಳಿಗೆಯಲ್ಲಿ ಕಾಲೇಜು ಹುಡುಗರು ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಿದ್ದಾರೆ. ಹಿಂದೆ ಗೋಡೆಗೊರಗಿ ಮನೆಯ ಅಜ್ಜ. ವಯಸ್ಸಿದ್ದಾಗ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವರು.

ಚಿತ್ರ 'ಐರನ್ ಮೇಡನ್: ಫ್ಲೈಟ್ 666'. ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡಿಯನ್ ನಿರ್ದೇಶಿಸಿದ ಈ ಸಾಕ್ಷ್ಯಚಿತ್ರ 2009ರಲ್ಲಿ ತೆರೆಗೆ ಬಂತು. ಇಂಗ್ಲೆಂಡಿನ ರಾಕ್ ತಂಡ ಐರನ್ ಮೇಡನ್ ನಮ್ಮವರಿಗೆ ಹೊಸದಲ್ಲ. ಭಾರತದಲ್ಲಿ ಅದರ ಮೊದಲ ಕಛೇರಿ ನಡೆದದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು. ಮರುವರ್ಷ ಫೆಬ್ರುವರಿ 1ರಂದು ಮುಂಬೈಯಿಂದ ಶುರುವಾದ ತಿರುಗಾಟವೇ ಚಿತ್ರದ ವಸ್ತು: 45 ದಿನ, 23 ಕಛೇರಿ.

ಮುಂಬೈಯ ವೇದಿಕೆಯಲ್ಲಿ ಮೂರು ಗಿಟಾರ್ ಒಮ್ಮೆಲೇ ಮೊರೆಯುತ್ತವೆ. ಹುಡುಗರ ತಲೆ ಕುಣಿಯುತ್ತದೆ. "ಸಪ್ಪಳ ಸಣ್ಣ ಮಾಡ್ರಲೇ, ಮಂದಿ ಮಲಗ್ಯಾರ" ಎನ್ನುತ್ತಾರೆ ಅಜ್ಜ. ಹಾಡು ಮುಗಿದು ತೆರೆಯ ಮೇಲೆ ಬೋಯಿಂಗ್ 757 ಬಂದಾಗ ಮಾತ್ರ ಗೋಡೆ ಬಿಟ್ಟು ಮುಂದೆ ಸರಿಯುತ್ತಾರೆ. ಹಿಂಬದಿಯ ಸೀಟು ಕಿತ್ತು ಜಾಗ ಮಾಡಿದ ವಿಮಾನ. ತಂಡ, ಕೆಲಸದವರು, ಸ್ಪೀಕರು, ಡ್ರಮ್ಮು, ವೇದಿಕೆಯ ಪರದೆ ಎಲ್ಲ ಅದರಲ್ಲೇ. ನಡೆಸುವವನು ಹಾಡುಗಾರ ಬ್ರೂಸ್ ಡಿಕಿನ್ಸನ್.

"ಹಾಡಾಂವನ ಡ್ರೈವರೇನ?"

"ಹೌದ ಅಜ್ಜಾ, ಲೈಸೆನ್ಸ್ ಐತಿ."

"ನಮ್ಮ ಕಂಪನ್ಯಾಗೂ ಹಂಗ. ರಾತ್ರಿ ರಾಜಾ ಪಾರ್ಟ ಮಾಡಾಂವ ಹಗಲೆಲ್ಲ ಬೋರ್ಡ ಬರೀತಿದ್ದ."

ಅಲ್ಲಿಂದ ಮುಂದೆ ಅಜ್ಜನ ಕಣ್ಣು ಕಲಾವಿದರ ಮೇಲಿಲ್ಲ. ಕಪ್ಪು ಅಂಗಿ ತೊಟ್ಟು ಪೆಟ್ಟಿಗೆ ಉರುಳಿಸುವವರ ಮೇಲೆ. ಕ್ಯಾಂಪ್ ಎತ್ತುವುದು ಅಂದರೇನೆಂದು ಅವರಿಗೆ ಗೊತ್ತು. ಕೊನೆಯ ಆಟ ಮುಗಿದ ರಾತ್ರಿಯೇ ತಗಡು ಕಳಚಬೇಕು, ಗಳ ಕೀಳಬೇಕು, ಅರಮನೆ, ಅಡವಿ, ಬೀದಿಯ ಪರದೆಗಳನ್ನು ಮಡಿಕೆ ಬೀಳದಂತೆ ಸುತ್ತಬೇಕು. ಮಡಿಕೆ ಬಿದ್ದಲ್ಲಿ ಬಣ್ಣ ಉದುರಿ, ಮುಂದಿನ ಊರಲ್ಲಿ ಅರಮನೆ ಬಿರುಕು ಬಿಟ್ಟಿರುತ್ತದೆ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ'ಕ್ಕೆ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತರುತ್ತಿತ್ತು. ಅವುಗಳ ಮೇವು, ಮಾವುತ, ದಾರಿಖರ್ಚಿನ ಚಿಂತೆ ಪ್ರೇಕ್ಷಕರಿಗೆ ಕಾಣುತ್ತಿರಲಿಲ್ಲ. ಕಾಣದ ಆ ಅರ್ಧವೇ ಈ ಚಿತ್ರದ ಜೀವಾಳ.

ನಡುವೆ ಡ್ರಮ್ಮು ಬಾರಿಸುವ ನಿಕೊ ಮೆಕ್‌ಬ್ರೇನ್‌ನ ಕೈಗೆ ಗಾಲ್ಫ್ ಚೆಂಡು ಬಡಿಯುತ್ತದೆ. ಎಲ್ಲರ ಮುಖವೂ ಇಳಿಯುತ್ತದೆ. "ಹಗ್ಗ ಸರಕೊಂಡು ಅಂಗೈ ಸುಲಿದಾಗೂ ಪರದೆ ಏಳಬೇಕಿತ್ತು" ಎಂದು ಅಜ್ಜ ಬಲಗೈ ಚಾಚಿ ತೋರಿಸುತ್ತಾರೆ. ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದ ಚರ್ಮ ಈಗಲೂ ಹೊಳೆಯುತ್ತದೆ.

ಕೊಲಂಬಿಯಾದ ಬೊಗೊಟಾ. ಕಛೇರಿ ಮುಗಿದು ಜನ ಚದುರುತ್ತಿದ್ದಾರೆ. ವೇದಿಕೆಯಿಂದ ಹಾರಿಬಂದ ಡ್ರಮ್ಮಿನ ಕೋಲು ಒಬ್ಬನ ಕೈಗೆ ಸಿಕ್ಕಿದೆ. ಅದನ್ನು ಹಿಡಿದು ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆ. ಹುಡುಗರಲ್ಲೊಬ್ಬ ನಗುತ್ತಾನೆ, ಅಜ್ಜ ಗದರುತ್ತಾರೆ: "ನಗಬ್ಯಾಡ. ನಮ್ಮಲ್ಲಿ ಮಂದಿ ನಟರಿಗೆ ಆಯೇರಿ ಮಾಡ್ತಿದ್ರು. ಇಲ್ಲಿ ಬಾರಸಾಂವ ಮಂದಿಗೆ ಆಯೇರಿ ಮಾಡ್ಯಾನ."

ಕೊನೆಗೆ ಹೆಸರುಗಳ ಸಾಲು ಮೇಲೇರತೊಡಗುತ್ತದೆ. ಲ್ಯಾಪ್‌ಟಾಪ್ ಮುಚ್ಚಹೋದ ಮೊಮ್ಮಗನ ಕೈ ಅಜ್ಜನೇ ತಡೆಯುತ್ತಾರೆ. ಕಂಪನಿಯ ಹ್ಯಾಂಡ್‌ಬಿಲ್ಲಿನಲ್ಲಿ ನಾಯಕ, ನಾಯಕಿ, ಹಾಸ್ಯಪಾತ್ರದವರು ದಪ್ಪಕ್ಷರದಲ್ಲಿ ಮೆರೆಯುತ್ತಿದ್ದರು. ಪರದೆ ಎಳೆಯುವವನಿಗೆ ಅಲ್ಲಿ ಒಂದು ಸಾಲೂ ಇರಲಿಲ್ಲ.

"ಸಾಮಾನ ಇಳಿಸಿದವ್ರ ಹೆಸರೂ ಹಾಕ್ಯಾರೇನ?"

"ಹಾಕ್ಯಾರ ಅಜ್ಜಾ."

"ಚಲೋ ಆತು. ಪಗಾರ ಎಷ್ಟಂತ?"

"ಅದನ್ನ ಹೇಳಿಲ್ಲ."

"ಹಂಗಾರ ಅರ್ಧಾ ಚಿತ್ರ ತಗದಾರ ಬಿಡು" ಎಂದು ಅಜ್ಜ ಕೌದಿ ಕೊಡವುತ್ತಾರೆ.