ಬೇಲಿಗೆ ನೆಟ್ಟ 250 ಕೋಟಿ ವರ್ಷ

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನ ಕಡೆ ಹೊರಟು ಮಂಚೇನಹಳ್ಳಿ ಹತ್ತಿರವಾದಂತೆ ಕಣ್ಣು ಹಾಯಿಸಿದಲ್ಲೆಲ್ಲ ಕಲ್ಲೇ ಕಲ್ಲು. ಗುಡ್ಡದ ಮೇಲೆ ಗುಂಡು, ಹೊಲದ ಬೇಲಿಗೆ ಕಲ್ಲುಕೂಚ, ಹಳೇ ಮನೆಗೆ ಚಪ್ಪಡಿ, ಹಿತ್ತಲಲ್ಲಿ ಬಟ್ಟೆ ಒಗೆಯುವ ಬಂಡೆ. ಹರಳು, ಖನಿಜ, ಪಳೆಯುಳಿಕೆಗಳ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿ ಇಡಬಹುದಾದ ಸರಕಿಗೆ ನಾವು ಎಮ್ಮೆ ಕಟ್ಟುತ್ತೇವೆ.

ಒಂದು ಕೂಚದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಹೊಸದಾಗಿ ಒಡೆದ ಮಗ್ಗುಲಾದರೆ ಇನ್ನೂ ಚೆನ್ನ. ಮಬ್ಬು ಗಾಜಿನ ಚೂರಿನಂತಿರುವುದು ಬೆಣಚು. ತಲೆ ಓರೆ ಮಾಡಿದಾಗ ಚಪ್ಪಟೆ ಮುಖದಿಂದ ಫಳಕ್ಕೆನ್ನುವ ಬಿಳಿ ಅಥವಾ ನಸುಗೆಂಪು ಹರಳು ಫೆಲ್ಡ್‌ಸ್ಪಾರ್. ಉಗುರಿಗೆ ಸಿಕ್ಕಿ ಹಾಳೆ ಹಾಳೆಯಾಗಿ ಏಳುವ ಕಪ್ಪು ಮಿನುಗು ಮಕ್ಕಳೆಲ್ಲ ಆರಿಸಿ ಜೇಬಿಗೆ ಹಾಕಿಕೊಳ್ಳುವ ಕಾಗೆಬಂಗಾರ. ನೆಲದಾಳದ ಪಾಕ ನಿಧಾನವಾಗಿ ಆರಿದ್ದರಿಂದ, ಕಲ್ಲುಸಕ್ಕರೆ ಕಟ್ಟಿದ ಹಾಗೆ, ಹರಳುಗಳು ಕಣ್ಣಿಗೆ ಕಾಣುವಷ್ಟು ದಪ್ಪ ಬೆಳೆದವು. ಈ ಸೀಮೆಯ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ.

ಪಳೆಯುಳಿಕೆ ಕೇಳಿದರೆ ಮಾತ್ರ ಮಂಚೇನಹಳ್ಳಿ ಕೈ ಚೆಲ್ಲುತ್ತದೆ. ಕುದಿಪಾಕದಿಂದ ಹುಟ್ಟಿದ ಕಲ್ಲಿನಲ್ಲಿ ಎಲೆ, ಎಲುಬು ಉಳಿಯುವ ಮಾತೆಲ್ಲಿ? ಸಾಲದ್ದಕ್ಕೆ ಚಿಪ್ಪು, ಎಲುಬಿನ ಪ್ರಾಣಿಗಳು ಹೆಚ್ಚೆಂದರೆ ಸುಮಾರು 55 ಕೋಟಿ ವರ್ಷದ ಈಚೆಯವು. ಕಲ್ಲು ಅವಕ್ಕೆ ಮುತ್ತಜ್ಜ. ಜೀವದ ಹಳೆಯ ಗುರುತು ಬೇಕಿದ್ದರೆ ತುಮಕೂರು ಜಿಲ್ಲೆಯ ದೊಡ್ಡಗುಣಿಗೆ ಹೋಗಬೇಕು. ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಅಲ್ಲಿನ ಕಲ್ಲಿನಲ್ಲಿದೆ.

ಪ್ರದರ್ಶನಗಳಲ್ಲಿ ಕರ್ನಾಟಕದ ಹೆಸರು ಹೊತ್ತು ಮಾರಾಟವಾಗುವುದು ಬೇರೆಯೇ ಕಲ್ಲು: ಹಸಿರು ಫುಕ್ಸೈಟ್‌ನಲ್ಲಿ ಹುದುಗಿದ ಕೆಂಪು ಮಾಣಿಕ್ಯ, ಕೆಲವೊಮ್ಮೆ ಅದರ ಸುತ್ತ ನೀಲಿ ಕಯನೈಟ್‌ನ ಅಂಚು. ತಮಾಷೆಯೆಂದರೆ ಆ ಹಸಿರಿಗೂ ಈ ಕೆಂಪಿಗೂ ಕಾರಣ ಒಂದೇ, ಕ್ರೋಮಿಯಂ. ಫುಕ್ಸೈಟ್ ಕೂಡ ಅಭ್ರಕವೇ, ನಮ್ಮ ಕಾಗೆಬಂಗಾರದ ದಾಯಾದಿ. ಚೆಂದವೇನೋ ಹೌದು. ಆದರೂ ನನ್ನ ಓಟು ಕೂಚಕ್ಕೆ.

ಈ ಗಟ್ಟಿ ನೆಲದ ಬೆಲೆ ಅಣುವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. 1965ರಲ್ಲಿ ಗೌರಿಬಿದನೂರಿನಲ್ಲಿ ಬ್ರಿಟನ್ ನೆರವಿನೊಂದಿಗೆ ಭೂಕಂಪಮಾಪಕಗಳ ಜಾಲ ಎದ್ದಿತು. ದೂರದೇಶದಲ್ಲಿ ನೆಲದಡಿ ಬಾಂಬ್ ಸಿಡಿಸಿದರೂ ಆ ಅದುರು ಇಲ್ಲಿಯ ಬಂಡೆಗೆ ಮುಟ್ಟುತ್ತದೆ.

ಅದೇ ಬಂಡೆ ಈಗ ಕ್ರಷರ್‌ಗೆ ಬಿದ್ದು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಲಾರಿ ಏರುತ್ತಿದೆ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ, ಬಂಡೆ ಒಡೆಯಲು ಬಳಸುವ ಜಿಲೆಟಿನ್ ಸಿಡಿದು ಆರು ಮಂದಿ ಸತ್ತದ್ದೂ ಈ ಜಿಲ್ಲೆಯಲ್ಲೇ. ಕಲ್ಲು ಬೇಡವೆನ್ನಲು ಯಾರಿಗೆ ಬಾಯಿದೆ, ನಾವೆಲ್ಲ ಅದರದೇ ಮನೆಯಲ್ಲಿ ಮಲಗುವವರು. ಪುಡಿಯಾಗುವ ಮುನ್ನ ಒಮ್ಮೆ ನೋಡಿಬಿಡೋಣ ಎಂಬುದಷ್ಟೇ ಆಸೆ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಪಳೆಯುಳಿಕೆ, ಬಂಡೆ ಎರಡನ್ನೂ ಒಟ್ಟಿಗೆ ನೋಡಬಹುದು: ತಮಿಳುನಾಡಿನ ತಿರುವಕ್ಕರೈಯಿಂದ ತಂದ, ಸುಮಾರು 2 ಕೋಟಿ ವರ್ಷದ ಕಲ್ಲಾದ ಮರ, ಕೆಂಪೇಗೌಡ ಗೋಪುರದ ಅಡಿಯಲ್ಲಿ ಸುಮಾರು 300 ಕೋಟಿ ವರ್ಷದ ಬಂಡೆ. ಮರಕ್ಕೆ ಫೋಟೊ, ಬಂಡೆಗೆ ಚಪ್ಪಲಿ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಶಾಲೆಯ ವಿಜ್ಞಾನ ಮೇಳದಲ್ಲಿ ಅಡುಗೆಸೋಡಾದ ಜ್ವಾಲಾಮುಖಿ ವರ್ಷವರ್ಷವೂ ಉಕ್ಕುತ್ತದೆ, ಉಕ್ಕಲಿ. ಈ ಸಲ ಅದರ ಪಕ್ಕ ಮುರಿದ ಕೂಚದ ಒಂದು ತುಂಡಿಡಿ, ವಯಸ್ಸು ಬರೆದ ಚೀಟಿ ಅಂಟಿಸಿ. ಭೂತಗನ್ನಡಿಯನ್ನು ಮಾತ್ರ ಮರೆಯಬೇಡಿ.